ನೂಲಕ್ಕನಿಗೆ ಬಂದ ಪದ

ಹತ್ತೊಂಬತ್ತು ವರ್ಷದಿಂದ ಶರ್ಟು ಚೆಕಿಂಗ್ ಮಾಡುತ್ತಿದ್ದ ಅವಳನ್ನು ಗಾರ್ಮೆಂಟ್ಸಿನಲ್ಲಿ ಎಲ್ಲರೂ ನೂಲಕ್ಕ ಅಂತಲೇ ಕರೆಯುತ್ತಿದ್ದರು. ಜೋತುಬಿದ್ದ ಒಂದೆಳೆ ನೂಲೂ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಹೊಲಿಯುವವರು ಬೆನ್ನ ಹಿಂದೆ ಹಲ್ಲು ಕಡಿಯಲಿ, ಅವಳಿಗೇನಂತೆ!

ಅಂಥವಳ ಕೈಗೆ ಹೊಸ ಮ್ಯಾನೇಜರು ಬೆಳಿಗ್ಗೆ ಒಂದು ಫಾರ್ಮು ಕೊಟ್ಟು, ಐದು ಗಂಟೆಯೊಳಗೆ ಸಹಿ ಹಾಕಿ, ನಾಳೆಯಿಂದ ಪ್ಯಾಕಿಂಗಿಗೆ ಹೋಗಿ ಅಂದಿದ್ದರು. ಪ್ಯಾಕಿಂಗ್ ಅಂದರೆ ದಿನವಿಡೀ ನಿಂತೇ ಮಾಡುವ ಕೆಲಸ. ಅವಳ ಮಂಡಿ ಒಂದು ವಾರ ತಡೆದರೆ ಹೆಚ್ಚು. ಕಾರಣ ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು. ಕೂಡಿಸಿ ಕೂಡಿಸಿ ಓದಿದಳು. ಸಮಯ ಹಾಳು ಮಾಡುತ್ತಾಳೆ ಅನ್ನುವಷ್ಟು ಗೊತ್ತಾಯಿತು. ಯಾವುದರಲ್ಲಿ? ಕೊನೆಯ ಪದ ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ಪಕ್ಕದವಳನ್ನು ಕೇಳಿದರೆ ಊಟದ ಹೊತ್ತಿಗೆ ಊರೆಲ್ಲ ಡಂಗುರ. ಹರಟೆಯೇ? ನಿದ್ದೆಯೇ? ದೇವರೇ, ಕಳ್ಳತನ ಗಿಳ್ಳತನ ಅಲ್ಲ ತಾನೆ? ಕೈ ಕಾಲರಿನ ಮೇಲೆ, ಮನಸ್ಸು ಫಾರ್ಮಿನ ಮೇಲೆ. ನೀರಿಗೆಂದು ಎರಡು ಸಲ ಎದ್ದಳು, ಕುಡಿಯದೆ ಬಂದು ಕೂತಳು. ಊಟದ ಬಿಡುವಿನಲ್ಲಿ ಆ ಸಾಲಿನ ಫೋಟೊ ತೆಗೆದು ಮಗಳಿಗೆ ಕಳಿಸಿದಳು. ಮಗಳು ಕಾಲೇಜಿನಲ್ಲಿದ್ದಳು, ಉತ್ತರ ಬರಲಿಲ್ಲ.

ನಾಲ್ಕಕ್ಕೆ ಮಗಳ ಫೋನ್ ಬಂತು. ಅದು ‘ಮಿನೂಷಿಯ’ ಅಂತೆ. ಸಣ್ಣಪುಟ್ಟ ವಿವರಗಳು, ಯಾರೂ ಲೆಕ್ಕಕ್ಕೆ ಹಿಡಿಯದಂಥವು.

ನೂಲಕ್ಕನಿಗೆ ಮೈಯೆಲ್ಲ ಉರಿಯಿತು. ಸಣ್ಣಪುಟ್ಟದ್ದು ನೋಡದೆ, ಚೆಕಿಂಗ್ ಮೇಜಿನ ಮುಂದೆ ಕೂತು ಆಕಾಶ ನೋಡಲೇ? ಸಿಟ್ಟಿನಲ್ಲೇ ಮುಂದಿನ ಶರ್ಟಿನ ತೋಳು ಮಗುಚಿದವಳ ಕೈ ಅಲ್ಲೇ ನಿಂತಿತು. ಊಟ ಆದಮೇಲೆ ಒಂದು ತೋಳನ್ನಾದರೂ ಹೀಗೆ ಮಗುಚಿ ನೋಡಿದ್ದೆನೇ? ನೆನಪೇ ಇಲ್ಲ.

ಆ ಶರ್ಟುಗಳೆಲ್ಲ ಆಗಲೇ ಬಾಕ್ಸಿನೊಳಗಿದ್ದವು, ವ್ಯಾನು ಬಾಗಿಲಲ್ಲಿತ್ತು. ಈಗ ಬಾಕ್ಸು ಬಿಚ್ಚಿ ವ್ಯಾನು ತಡೆದರೆ ಮ್ಯಾನೇಜರು ಬರೆದದ್ದೇ ನಿಜವಾಗುತ್ತದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೂ ಹೋಗಿ ಮೊದಲ ಬಾಕ್ಸಿನ ಟೇಪು ಕಿತ್ತಳು. ಏಳನೇ ಶರ್ಟಿನ ಎಡ ತೋಳಿನ ಪಟ್ಟಿಯಲ್ಲಿ ಗುಂಡಿಯೇ ಇರಲಿಲ್ಲ.

ಫಾರ್ಮನ್ನೂ ಶರ್ಟನ್ನೂ ಒಟ್ಟಿಗೇ ಒಯ್ದು ಮ್ಯಾನೇಜರ ಮುಂದಿಟ್ಟಳು.

“ಇದು ನನ್ನ ಕೈಯಿಂದಲೇ ದಾಟಿ ಹೋಗಿದ್ದು ಸಾರ್. ನಿಮ್ಮ ಪದದ ಅರ್ಥ ಏನಿರಬಹುದು ಅಂತ ಯೋಚಿಸ್ತಾ ಕೂತಿದ್ದೆ. ಸಹಿ ಎಲ್ಲಿ ಹಾಕಲಿ?”

ಮ್ಯಾನೇಜರು ಗುಂಡಿಯಿಲ್ಲದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಇನ್ನೆಷ್ಟು ಬಾಕ್ಸಿವೆ ಅಂತ ಕೇಳಿದರು. ಹದಿಮೂರು ಅಂದಳು. ಅವರು ಫೋನೆತ್ತಿ ವ್ಯಾನು ನಿಲ್ಲಿಸಲು ಹೇಳಿ, ಫಾರ್ಮನ್ನು ತಮ್ಮ ಕಡೆಗೆ ಎಳೆದುಕೊಂಡು ಡ್ರಾಯರಿಗೆ ಹಾಕಿದರು.

ಹದಿಮೂರೂ ತನ್ನ ಮೇಜಿಗೇ ಬರಲಿ ಅಂತ ಪ್ಯಾಕಿಂಗಿನವರಿಗೆ ಹೇಳಿ, ನೂಲಕ್ಕ ಕುರ್ಚಿ ಎಳೆದುಕೊಂಡು ಕೂತಳು.