ಹತ್ಮಾನೆಯ ಪಾಲು

ರಹೋವೆತ್ಸ್ ಪಟ್ಟಣದ ಸಣ್ಣ ಸಾಲದ ಕಚೇರಿಗೆ ಜುಲ್ಫಿಯೆ ಬಂದದ್ದು ಅದು ಮೂರನೆಯ ಸಲ. ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿದು ಅವಳ ಬೆರಳ ತುದಿಗಳು ಕಪ್ಪಾಗಿದ್ದವು. ಒಂಬತ್ತು ವರ್ಷಗಳಿಂದ ಅವಳು ಅಂಗಳದಲ್ಲಿ ಸೌದೆ ಒಲೆ ಹಚ್ಚಿ, ಕೆಂಪು ಮೆಣಸಿನಕಾಯಿ ಸುಟ್ಟು, ರುಬ್ಬಿ, ಕುದಿಸಿ ಐವಾರ್ ಎಂಬ ಚಟ್ನಿ ಮಾಡಿ ಮಾರುತ್ತಿದ್ದಳು. ಪ್ರಿಜ್ರೆನಿನ ಮೂರು ಅಂಗಡಿಗಳು ಈ ವರ್ಷ ದುಪ್ಪಟ್ಟು ಕೇಳಿದ್ದವು. ಗ್ಯಾಸಿನಲ್ಲಿ ಸುಡುವ ಯಂತ್ರ ಬಂದರೆ ಮಾತ್ರ ಅದು ಸಾಧ್ಯವಿತ್ತು. ಯಂತ್ರಕ್ಕೆ ಸಾಲ ಬೇಕಿತ್ತು.

ಗುಮಾಸ್ತ ಮರ್ಯಾದಸ್ಥ. ಅವಳು ತಂದ ಐವಾರ್ ರುಚಿ ನೋಡಿ ಹೊಗಳಿದ. ಆಮೇಲೆ, ಜಾಮೀನಿಗೆ ಆಸ್ತಿ ಏನಿದೆ ಎಂದು ಕೇಳಿದ. ಮನೆ ಇದೆ ಎಂದಳು. ಕಂಪ್ಯೂಟರಿನಲ್ಲಿ ಹುಡುಕಿದರೆ ಮನೆ ಇನ್ನೂ ಅವಳ ಮಾವನ ಹೆಸರಿನಲ್ಲೇ ಇತ್ತು. ಮಾವ ತೀರಿಕೊಂಡು ಹದಿನೆಂಟು ವರ್ಷ. ಊರಿನಲ್ಲಿ ಅರ್ಧ ಮನೆಗಳು ಹೀಗೇ ಸತ್ತವರ ಹೆಸರಿನಲ್ಲಿದ್ದವು. ತವರಿನಲ್ಲಿ ಏನೂ ಇಲ್ಲವೇ ಎಂದ. ಅವಳು ಚೀಲ ಎತ್ತಿಕೊಂಡು ಎದ್ದಳು.

ತವರಿನಲ್ಲಿ ಇತ್ತು. ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅಣ್ಣ ಬೆಕಿರ್ ಕಾರಿನಲ್ಲಿ ಬಂದು ಅವಳನ್ನು ನೋಟರಿಯ ಬಳಿ ಕರೆದುಕೊಂಡು ಹೋಗಿದ್ದ. ಅಣ್ಣನಿಂದ ಪಾಲು ಕೇಳಿದ ತಂಗಿಗೆ ತವರಿನ ಬಾಗಿಲು ಮುಚ್ಚುತ್ತದೆ, ಊರು ಅವಳನ್ನು ನಾಚಿಕೆಗೆಟ್ಟವಳು ಎನ್ನುತ್ತದೆ. ಹಾಗಾಗಿ ಅವಳು ಏನನ್ನೂ ಓದದೆ ಹಕ್ಕು ಬಿಟ್ಟೆನೆಂದು ಸಹಿ ಹಾಕಿದಳು. ಹತ್ತು ನಿಮಿಷದ ಕೆಲಸ. ದಾರಿಯಲ್ಲಿ ಅಣ್ಣ ಅವಳಿಗೆ ಕಾಫಿ ಕುಡಿಸಿದ, ಒಂದು ಜೊತೆ ಬಟ್ಟೆ ಕೊಡಿಸಿದ. ಅವಳಿಗೆ ಅಂದು ಹೆಮ್ಮೆಯೇ ಆಗಿತ್ತು.

ಈಗ ಜಾಮೀನು ಕೇಳಲು ಅದೇ ಅಣ್ಣನ ಮನೆಗೆ ಹೋದಳು. ಬೆಕಿರ್ ಚಹಾದ ಲೋಟ ಕೆಳಗಿಡದೆ ಎಲ್ಲವನ್ನೂ ಕೇಳಿಸಿಕೊಂಡ.

"ನಿಂಗೆ ಗಂಡ ಇಲ್ವೇನೆ? ಇಮೆರನ ಕಡೆಯವರನ್ನ ಬಿಟ್ಟು ನಾನ್ಯಾಕೆ ಜಾಮೀನು ನಿಲ್ಬೇಕು?" ಎಂದ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಬೇಕಾದ್ರೆ ಸಾಲ ನನ್ನ ಹೆಸರಲ್ಲೇ ತೊಗೊಳ್ತೀನಿ. ಯಂತ್ರಾನೂ ನನ್ನ ಹೆಸರಲ್ಲೇ ಇರ್ಲಿ. ನೀನು ನಡೆಸ್ಕೋ."

ಅವಳು ಎದ್ದು ಬಂದಳು. ಬಸ್ಸಿಗೆ ಕಾಯದೆ ನಾಲ್ಕು ಮೈಲಿ ನಡೆದೇ ಬಂದಳು. ಅಪ್ಪನ ಹೊಲದ ಬದಿಯಲ್ಲೇ ದಾರಿ. ಆ ಹೊಲದಲ್ಲಿ ಅವಳೂ ಕಳೆ ಕಿತ್ತವಳು.

ನಾಲ್ಕನೆಯ ಸಲ ಹೋದಾಗ ಗುಮಾಸ್ತನೇ ಉಪಾಯ ಹೇಳಿದ. ಮಾವನಿಗೆ ಇಬ್ಬರೇ ವಾರಸುದಾರರು: ಅವಳ ಗಂಡ ಇಮೆರ್, ಅವನ ತಂಗಿ ಹತ್ಮಾನೆ. ಹತ್ಮಾನೆ ಹಕ್ಕು ಬಿಟ್ಟರೆ ಮನೆ ಇಮೆರನಿಗೆ ಆಗುತ್ತದೆ. ಮನೆ ಒಬ್ಬನ ಹೆಸರಿನಲ್ಲಿದ್ದರೆ ಸಾಲ ಸಿಗುತ್ತದೆ.

ಇಮೆರ್ ಅದೇ ಸಂಜೆ ತಂಗಿಗೆ ಫೋನು ಮಾಡಿದ. ಮರುದಿನ ಬೆಳಿಗ್ಗೆಯೇ ಹತ್ಮಾನೆ ಬಂದಳು. ಕೈಯಲ್ಲಿ ಪಾಲಕ್ ತುಂಬಿ ಸುಟ್ಟ ರೊಟ್ಟಿಯ ತಟ್ಟೆ, ಚೀಲದಲ್ಲಿ ಗುರುತಿನ ಚೀಟಿ.

"ಅತ್ತಿಗೆ, ಇಷ್ಟಕ್ಕೆಲ್ಲ ನೀನು ಮುಖ ಸಣ್ಣ ಮಾಡ್ಕೋಬೇಕಾ?" ಎಂದು ನಕ್ಕಳು. "ಅಣ್ಣನ ಮನೇಲಿ ನಂಗೇನು ಪಾಲು? ಒಂದು ಲೋಟ ಚಹಾ ಸಿಕ್ರೆ ಸಾಕು."

ನೋಟರಿಯ ಮೇಜಿನ ಮುಂದೆ ಹತ್ಮಾನೆ ತಲೆಯ ಬಟ್ಟೆ ಸರಿಮಾಡಿಕೊಂಡು ಪೆನ್ನು ತೆಗೆದುಕೊಂಡಳು. ಸಹಿ ಎಲ್ಲಿ ಎಂದಷ್ಟೇ ಕೇಳಿದಳು. ಕಾಗದದಲ್ಲಿ ಏನಿದೆ ಎಂದು ಕೇಳಲಿಲ್ಲ. ಮುಖದಲ್ಲಿ ಅದೇ ಹೆಮ್ಮೆ. ಜುಲ್ಫಿಯೆ ಅದನ್ನು ನೋಡಿದಳು. ಬೆಕಿರನ ಮೇಲೆ ಇಷ್ಟು ದಿನ ಉರಿದ ಸಿಟ್ಟು ಈಗ ತನ್ನ ಮೇಲೆಯೇ ತಿರುಗಿತು. ಅವಳು ಕಾಗದದ ಮೇಲೆ ಕೈಯಿಟ್ಟಳು.

"ಸಹಿ ಹಾಕ್ಬೇಡ."

ಇಮೆರ್ ಅವಳತ್ತ ತಿರುಗಿದ. "ತಲೆ ಕೆಟ್ಟಿದ್ಯಾ? ಹತ್ತು ದಿನಕ್ಕೆ ಮೆಣಸಿನಕಾಯಿ ಲೋಡು ಬರತ್ತೆ. ಸಾಲ ಬೇಕು ಅಂತ ಕುಣಿದವಳು ನೀನು."

"ಹೌದು, ನಾನೇ. ದೇವರು ಹೆಣ್ಣುಮಕ್ಕಳಿಗೂ ಪಾಲು ಬರೆದಿದ್ದಾನೆ. ಅದನ್ನ ಅಳಿಸ್ತಾ ಇರೋದು ನಾವು. ನನ್ನದನ್ನ ನಾನೇ ಅಳಿಸ್ಕೊಂಡೆ. ಇವಳದನ್ನೂ ಅಳಿಸಿ ಅದರ ಮೇಲೆ ಒಲೆ ಹಚ್ಚಲಾ?"

ಹತ್ಮಾನೆ ಗಾಬರಿಯಾಗಿ, ತನಗೇನೂ ಬೇಡ, ಊರವರು ಏನೆಂದಾರು, ಅಣ್ಣ ಬೇಜಾರು ಮಾಡಿಕೊಂಡರೆ ಏನು ಗತಿ ಎಂದು ಒಂದೇ ಸಮನೆ ಹೇಳತೊಡಗಿದಳು. ಜುಲ್ಫಿಯೆ ಪತ್ರವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಅವಳಿಗೆ ಗಟ್ಟಿಯಾಗಿ ಓದಿ ಹೇಳಿದಳು. ಓದು ಮುಗಿದ ಮೇಲೆ ಹತ್ಮಾನೆ ಪೆನ್ನನ್ನು ಮೇಜಿನ ಮೇಲಿಟ್ಟಳು. ಇಮೆರ್ ಹೊರಗೆ ಹೋಗಿ ಸಿಗರೇಟು ಹಚ್ಚಿದ. ಅರ್ಧ ಗಂಟೆಯ ಮೇಲೆ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಇಬ್ಬರ ಹೆಸರನ್ನೂ ಬರೆಯಿರಿ ಎಂದ.

ಸಾಲದ ಕಚೇರಿ ಒಪ್ಪಲಿಲ್ಲ. ಪಾಲಾಗದ ಮನೆಯನ್ನು ಜಾಮೀನಾಗಿ ತೆಗೆದುಕೊಳ್ಳುವುದಿಲ್ಲ ಎಂದ ಗುಮಾಸ್ತ, ಈ ಸಲವೂ ಮರ್ಯಾದೆಯಿಂದಲೇ. ಇಷ್ಟು ವರ್ಷ ದುಡಿದ ತನ್ನ ಕೈ ಯಾವ ಲೆಕ್ಕಕ್ಕೂ ಬರುವುದಿಲ್ಲವೇ ಎಂದು ಅವಳು ಕೇಳಿದಳು. ಆ ಪ್ರಶ್ನೆಗೆ ಅವನ ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಅಂಗಡಿಗಳಿಗೆ ಫೋನು ಮಾಡಿ, ಹೋದ ವರ್ಷದಷ್ಟೇ ಕೊಡಲು ಆಗುವುದು ಎಂದು ಹೇಳಿದಳು. ಒಂದು ಅಂಗಡಿಯವನು ಬೇರೆಯವರನ್ನು ನೋಡಿಕೊಂಡ.

ಮೆಣಸಿನಕಾಯಿ ಬಂದ ದಿನ ಹತ್ಮಾನೆಯ ಗಂಡನ ಫೋನು ಬಂತು. ಜುಲ್ಫಿಯೆ ಒಲೆಯ ಮುಂದಿನಿಂದೆದ್ದು, ಮಸಿಗೈಯಲ್ಲೇ ಫೋನು ಎತ್ತಿದಳು. ಅರ್ಧ ಮನೆಗೆ ಈಗ ಏನು ಬೆಲೆ ಬರಬಹುದು ಎಂದು ಅವನು ನಯವಾಗಿ ವಿಚಾರಿಸಿದ.

"ಅದನ್ನ ಕೇಳ್ಬೇಕಾದವಳು ಹತ್ಮಾನೆ," ಎಂದಳು ಜುಲ್ಫಿಯೆ. "ಫೋನು ಅವಳ ಕೈಗೆ ಕೊಡು."