ಆಸಾಡಿ ಕಳೆಯಲಿ ಎಂದ ಕಮಲಕ್ಕ

ಅಕ್ಕಿ ತೊಳೆದ ನೀರು ಚೆಲ್ಲಲು ಹಿಂಬಾಗಿಲಿಗೆ ಬಂದ ಕಮಲ ಪಾತ್ರೆ ಹಿಡಿದೇ ನಿಂತರು. ನಿನ್ನೆ ಸಂಜೆ ಅಂಗಳದ ಪಡುತುದಿಯಲ್ಲಿದ್ದ ಬಟ್ಟೆ ಒಗೆಯುವ ಕಲ್ಲು ಇರಲಿಲ್ಲ. ಮರವಂತೆಯ ಕಡಲು ಅದನ್ನು ಒಯ್ದಿತ್ತು. ಯಾರಿಗಾದರೂ ಹೇಳಬೇಕೆನಿಸಿತು. ಬಲಗಡೆಯ ಎರಡು ಮನೆಗಳಿಗೆ ಬೀಗ. ಎಡಗಡೆ ಮನೆಯ ಗೆಳತಿ ಪದ್ದು ಎರಡು ಮಳೆಗಾಲದ ಹಿಂದೆಯೇ ಹೆಮ್ಮಾಡಿಗೆ ಹೋಗಿದ್ದರು.

ಐವತ್ತೇಳರ ಕಮಲ ಮೀನು ಮಾರಿ ಬದುಕಿದವರು. ಗಂಡ ತೀರಿಕೊಂಡು ಹದಿನಾರು ವರ್ಷ, ಮಕ್ಕಳಿಲ್ಲ. ಬುಟ್ಟಿ ಇಳಿಸಿ ಕೂತಲ್ಲಿ ಬಾಯಿಗೆ ಬಿಡುವಿಲ್ಲ. ಮಧ್ಯಾಹ್ನ ಬಸ್ಸಿಳಿದ ಮೇಲೆ ಮರುದಿನದವರೆಗೆ ಮಾತಿಲ್ಲ. ಎರಡು ಬಂಗುಡೆಯ ಸಾರು ಎರಡು ದಿನಕ್ಕಾಗುತ್ತಿತ್ತು. ಹೆಮ್ಮಾಡಿಯಲ್ಲಿ ಪದ್ದುವಿನ ಬಾಡಿಗೆ ಮನೆಯ ಹಿಂದೆಯೇ ಹಂಚಿನ ಸಣ್ಣ ಮನೆಯೊಂದು ಮಾರಾಟಕ್ಕಿತ್ತು. ಕಡಲ ಬದಿಯ ಮನೆ ಮಾರಿದರೆ ಅದು ಸಿಗುತ್ತಿತ್ತು.

ಮಾರುವುದು ಕಷ್ಟವೂ ಇರಲಿಲ್ಲ. ಊರವರು ನೀರು ಏರದ ಜಾಗ ಹುಡುಕಿಕೊಂಡು ಹೆಮ್ಮಾಡಿ, ಬ್ರಹ್ಮಾವರದ ಕಡೆ ಹೋಗುತ್ತಿದ್ದರೆ, ಹೊರಗಿನವರು ಹೋಂಸ್ಟೇಗೆಂದು ದಂಡೆಯನ್ನೇ ಕೇಳುತ್ತಿದ್ದರು. ಎರಡೂ ಕಡೆ ದರ ಏರಿತ್ತು. ದಂಡೆಯಲ್ಲಿ ಹೊಸ ಮನೆಗೆ ಪರವಾನಗಿ ಸಿಗುವುದು ಕಷ್ಟ. ಪಂಚಾಯತಿ ನಂಬರ್ ಇರುವ ಹಳೆಯ ಮನೆ ಕೊಂಡು ದುರಸ್ತಿ ಮಾಡಿಸುವುದು ಸುಲಭ. ಕೊಳ್ಳುವವರಿಗೆ ಬೇಕಿದ್ದದ್ದು ನಿಂತ ಗೋಡೆ.

ಅಂದು ಹತ್ತು ಗಂಟೆಗೆ ಜಾಗದ ದಲ್ಲಾಳಿ ಯತೀಶ್ ಬಂದ.

"ಹ್ವಾಯ್ ಕಮಲಕ್ಕ, ಪಾರ್ಟಿ ತಯಾರಿತ್. ನಾಳೆ ಅಡ್ವಾನ್ಸ್ ಕೊಡ್ತ್ರ್."

"ಆಸಾಡಿಯಂಗೆ ಮನಿ ಮಾತ್ ಆಡುಕಾಗ. ಸೋಣೆ ಹುಟ್ಲಿ, ಅಂಬಗ ಕರ್ಕಂಡ್ ಬಾ."

"ಕಡ್ಲಿಗೆ ಆಸಾಡಿ ಇತ್ತಾ? ಸೋಣೆ ಬಪ್ಪತಿಗೆ ಅಂಗ್ಳ ಇಲ್ದಿರೆ ಎಂತ ಮಾಡ್ತ್ರಿ?"

"ನೀನೇ ಹೊತ್ಕಂಡ್ ಹೋಯ್ದೆ ಅಂದ್ಕಂತೆ. ಬ್ರೋಕರ್ ಅಲ್ದಾ ನೀನ್!"

ಯತೀಶ್ ನಕ್ಕ. ಕಮಲ ಚಾ ಕೊಟ್ಟರು. ಅವನು ಇನ್ನೂ ಸ್ವಲ್ಪ ಹೊತ್ತು ಕೂರಲಿ ಎಂದು ಇನ್ನೊಂದು ಲೋಟವನ್ನೂ ಕೊಟ್ಟರು.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಸೋಣೆ ತಿಂಗಳು ಹುಟ್ಟುವ ತನಕ, ಆಸಾಡಿಯಲ್ಲಿ ಮನೆಯ ವ್ಯವಹಾರ ಆಡಬಾರದೆಂದು ಹೆತ್ತ ಅಬ್ಬಿ ಕಲಿಸಿದ್ದು. ಅದನ್ನು ಮೀರು ಎಂದು ಹೇಳುವವರು ಅಕ್ಕಪಕ್ಕ ಯಾರೂ ಉಳಿದಿರಲಿಲ್ಲ. ಪದ್ದುವಿಗೆ ಫೋನ್ ಮಾಡಬೇಕೆಂದುಕೊಂಡರು, ಮಾಡಲಿಲ್ಲ. ಇನ್ನು ಮೂರೂವರೆ ವಾರವಷ್ಟೇ.

ಆಸಾಡಿ ಮುಗಿಯಲು ಐದು ದಿನ ಇರುವಾಗ, ಕಡಲು ಉಕ್ಕಿದ ನಡುಮಧ್ಯಾಹ್ನದ ಭರತದಲ್ಲಿ, ದಂಡೆಗೆ ಹಾಕಿದ್ದ ಬಂಡೆಗಳ ತಡೆಗೋಡೆ ಒಂದು ಕಡೆ ಕುಸಿಯಿತು. ಕಮಲ ಹೆಮ್ಮಾಡಿಯಲ್ಲಿ ಒಣಮೀನು ಮಾರುತ್ತಿದ್ದರು. ಬರುವಾಗ ಅಡುಗೆಕೋಣೆ ಇರಲಿಲ್ಲ. ಪಡುಗೋಡೆ ಮರಳಿಗೆ ಮಗುಚಿ ಬಿದ್ದಿತ್ತು. ಬಾವಿಯ ನೀರು ಉಪ್ಪಾಗಿತ್ತು. ಪಂಚಾಯತಿಯವರು ಬಂದು ಫೋಟೋ ತೆಗೆದು, ಮನೆ ವಾಸಯೋಗ್ಯವಲ್ಲ ಎಂದು ಬರೆದುಕೊಂಡರು. ಆ ಸಂಜೆ ಕಮಲ ಮುಂದಿನ ಕೋಣೆಯಲ್ಲಿ ಕುಳಿತು, ಗೋಡೆಯಿಲ್ಲದ ಕಡೆಯಿಂದ ಕಡಲು ನೋಡಿದರು. ಮದುವೆಯಾಗಿ ಬಂದ ಮೇಲೆ ಆ ಕೋಣೆಯಿಂದ ಅದು ಕಂಡದ್ದು ಮೊದಲ ಸಲ.

ಸೋಣೆಯ ಮೊದಲ ದಿನ ಯತೀಶನ ಫೋನ್ ಬಂತು. "ಪಾರ್ಟಿ ಬೈಂದೂರ್ ಬದಿ ಬೇರೆ ಮನಿ ಕಂಡ್ರ್, ಕಮಲಕ್ಕ. ನಾ ಹೇಳಿದ್ದೆ ಅಲ್ದಾ..."

"ಹೌದ್ ಮಗಾ, ನೀ ಹೇಳಿದ್ದೆ."

ಪದ್ದುವಿನ ಮನೆಯ ಹಿಂದಿದ್ದ ಹಂಚಿನ ಮನೆಯನ್ನು ಬೇರೆಯವರು ಕೊಂಡರು. ಹೆಮ್ಮಾಡಿಯಲ್ಲಿ ಬಾಡಿಗೆ ಕೋಣೆಯೂ ಸಿಗಲಿಲ್ಲ. ಬರುವ ಸೋಮವಾರ ಕಮಲ ಬ್ರಹ್ಮಾವರದ ಬಾಡಿಗೆಯ ಮಹಡಿಕೋಣೆಯೊಂದಕ್ಕೆ ಹೋಗುತ್ತಾರೆ. ಮೀನಿನ ಬುಟ್ಟಿಯನ್ನು ಗೇಟಿನೊಳಗೆ ತರಬಾರದು ಎಂದು ಮನೆಯ ಮಾಲೀಕರು ಹೇಳಿದ್ದಾರೆ.