ಗೀಟಿಲ್ಲದ ಸ್ವರಗಳು

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದೆ. ಹಾರ್ಮೋನಿಯಂ, ತಬಲಾ, ಕನ್ನಡ ಹಾಡಿನ ಪುಸ್ತಕ ಬೇಕೆಂದು ಅರ್ಜಿ ಬರೆದಿದ್ದೆ. ಬಂದದ್ದು ಪುಸ್ತಕ ಮಾತ್ರ, ಅದೂ ಒಂದೇ ಪ್ರತಿ. ಅದರ ಬೆನ್ನಿಗೇ ಸುದ್ದಿ ಬಂತು: ಮೈಸೂರು ಕಡೆಯ ಸಾಹೇಬರು ತಪಾಸಣೆಗೆ ಬರುತ್ತಾರೆ, ಆ ಪುಸ್ತಕದ ಮೊದಲ ಹಾಡನ್ನು ಮಕ್ಕಳಿಂದ ಹಾಡಿಸಿ ಕೇಳುತ್ತಾರೆ.

ನಮ್ಮ ದೊಡ್ಡ ಅಕ್ಕೋರು, ಅಂದರೆ ಮುಖ್ಯೋಪಾಧ್ಯಾಯಿನಿ, ಸುತ್ತಿಬಳಸಿ ಮಾತಾಡುವವರಲ್ಲ. "ಸಾಹೇಬ್ರ ಮನಸಿಗಿ ಬಂದ್ರ ಹಾಡಿನ ತಾಸು ಉಳೀತದ. ಇಲ್ಲಂದ್ರ ಬಂದ್. ನೀ ಹೊಲಿಗಿ ಕಲಿಸ್ಕೋತ ಕೂಡು" ಎಂದರು. ಹೊಲಿಗೆಯೆಂದರೆ ನನಗೆ ಮೈಯೆಲ್ಲ ಉರಿ. ಅದೂ ಇರಲಿ, ಆ ಮೂವತ್ತು ಹುಡುಗಿಯರು ಕೂಡಿ ಹಾಡುವುದೊಂದನ್ನು ಬಿಟ್ಟರೆ ನನ್ನದೆಂದು ಹೇಳಿಕೊಳ್ಳುವಂಥದ್ದು ನನಗೆ ಮತ್ತೇನಿತ್ತು?

ಹಾಡಿನ ಮೇಲೆ ಬರೆದಿದ್ದ ರಾಗದ ಹೆಸರನ್ನು ನಾನು ಕೇಳಿರಲೇ ಇಲ್ಲ. ನಾನು ಕಲಿತದ್ದು ಹಿಂದುಸ್ತಾನಿ. ನಮ್ಮ ಪುಸ್ತಕಗಳಲ್ಲಿ ತಗ್ಗಿಸಿ ಹಾಡುವ ಕೋಮಲ ಸ್ವರದ ಕೆಳಗೆ ಗೀಟು ಎಳೆದಿರುತ್ತಾರೆ, ಗೀಟಿಲ್ಲದಿದ್ದರೆ ಶುದ್ಧ. ಇಲ್ಲಿ ಒಂದಕ್ಕೂ ಗೀಟಿರಲಿಲ್ಲ. ಅನುಮಾನ ಬಂದು ರೈಲು ಹತ್ತಿ ಬೀದರಿಗೆ ಹೋದೆ. ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ ನನ್ನ ಉಸ್ತಾದರ ಮನೆ. "ಗೀಟಿಲ್ಲಂದ್ರ ಎಲ್ಲಾ ಶುದ್ಧ, ಬೇಟಿ. ಅದರಾಗ ಶಕ್ ಏನದ?" ಎಂದರು. ಅವರೇ ಹೇಳಿದ ಮೇಲೆ ನಾನಿನ್ನು ಯಾರನ್ನು ಕೇಳಲಿ?

ಎರಡು ತಿಂಗಳು ಕಲಿಸಿದೆ. ಹಾಡು ಉಪ್ಪಿಲ್ಲದ ಬೇಳೆಯ ಹಾಗೆ ಸಪ್ಪಗಿತ್ತು. ಮೈಸೂರಿನವರಿಗೆ ಹೀಗೇ ಸೇರುತ್ತದೇನೋ ಎಂದುಕೊಂಡೆ, ನನ್ನ ಕರ್ಮ! ಆದರೂ ಮೂವತ್ತು ದನಿ ಒಂದಾಗುವ ತನಕ ಬಿಡಲಿಲ್ಲ. ಮೆಹಕರದ ಕುರಿ ಸಾಕುವ ಮನೆಯ ಹುಡುಗಿಯೊಬ್ಬಳ ದನಿ ಬಲು ಗಟ್ಟಿ. "ಇಲ್ಲಿ ಕುರಿ ಇಲ್ಲವ್ವಾ, ಸಣ್ಣಗ ಹಾಡು" ಎಂದು ದಿನಾ ಕಾಡಿಸುತ್ತಿದ್ದೆ.

ಸಾಹೇಬರು ಬಂದರು. ಮಕ್ಕಳಲ್ಲಿ ಒಬ್ಬಳೂ ತಪ್ಪಲಿಲ್ಲ. ಕೊನೆಯ ತನಕ ಕೇಳಿ ಅವರು ಮೆಲ್ಲಗೆ, "ಇದು ಆ ರಾಗವೇ ಅಲ್ಲಮ್ಮ" ಎಂದರು. "ನಮ್ಮ ಕಡೆ ಗೀಟು ಹಾಕೋಲ್ಲ. ರಾಗದ ಹೆಸರು ನೋಡಿದ್ರೆ ಸ್ವರ ಯಾವುದು ಅಂತ ಗೊತ್ತಾಗುತ್ತೆ." ಕಣ್ಣು ಮುಚ್ಚಿ ಮೊದಲ ಸಾಲು ಹಾಡಿ ತೋರಿಸಿದರು. ರಿ, ಧ ಎರಡೂ ಕೋಮಲ. ಅಯ್ಯೋ ದೇವರೇ, ಎಂಥಾ ಹಾಡನ್ನು ಏನು ಮಾಡಿಟ್ಟಿದ್ದೆ! ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಒಂದು ವಾರ ಕೊಡ್ರಿ ಸಾಹೇಬ್ರ, ಸರಿ ಮಾಡ್ತೇನಿ" ಎಂದೆ.

"ನೋಡೋಣಮ್ಮ" ಎಂದು ಗಡಿಯಾರ ನೋಡಿಕೊಂಡರು. ಔರಾದಿನ ಶಾಲೆ ಇನ್ನೂ ಬಾಕಿ ಇತ್ತು.

ಆ ಎರಡು ಸ್ವರ ತಗ್ಗಿಸಿದ್ದೇ ತಡ, ಪುಸ್ತಕದ ಹಾಡು ಪೂರಾ ಬಾಯಿಗೆ ಬಂತು. ಒಂದು ವಾರವೂ ಬೇಕಾಗಲಿಲ್ಲ. ಮೂರೇ ದಿನಕ್ಕೆ ಹುಡುಗಿಯರು ಕಲಿತರು. ಅವರು ಹಾಡುತ್ತಿದ್ದರೆ ನಾನು ಗೋಡೆಗೆ ಆತು ನಿಂತು ಅತ್ತೆ. ಒಮ್ಮೆ ಬಂದು ಕೇಳಿರೆಂದು ಸಾಹೇಬರಿಗೆ ಕಾಗದ ಬರೆದೆ. ಜವಾಬು ಬರಲಿಲ್ಲ, ಹುಕುಂ ಬಂತು: ಹಾಡಿನ ತಾಸು ರದ್ದು, ಪುಸ್ತಕ ವಾಪಸು ಕಳಿಸುವುದು.

ಮುಂದಿನ ಸೋಮವಾರ ಅದೇ ಕೋಣೆಯಲ್ಲಿ ಅದೇ ಮೂವತ್ತು ಹುಡುಗಿಯರ ಕೈಗೆ ಸೂಜಿ ಕೊಟ್ಟೆ. ತುಸು ಹೊತ್ತಿಗೆ ಮೆಹಕರದವಳು ಸಣ್ಣಗೆ ಹಾಡು ಎತ್ತಿದಳು, ಉಳಿದವರು ತಲೆ ತಗ್ಗಿಸಿಕೊಂಡೇ ಸೇರಿದರು. ಬಾಗಿಲಲ್ಲಿ ದೊಡ್ಡ ಅಕ್ಕೋರು ಬಂದು ನಿಂತರು.

"ಸುಮ್ಮ ಹೊಲೀರಿ!" ಎಂದು ಗದರಿದೆ. ಮೂವತ್ತು ದನಿಯೂ ಒಟ್ಟಿಗೇ ನಿಂತವು.